ಗುಜರಿಗೆ ಹೋದ ಫ್ರಿಜ್ಜು

ನಮ್ಮ ದೊಡ್ಡಮ್ಮನ ಮನೆಗೆ ಹೋದರೆ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಬೇಕಿತ್ತು. ಲೋಟ ಕೆಳಗಿಟ್ಟು ಮಾತಿಗೆಂದು ಮುಖ ಆಚೆ ತಿರುಗಿಸಿದಿರೋ, ಲೋಟ ಮಾಯ. ಉಳಿದ ಕಾಫಿ ಬಚ್ಚಲಿಗೆ ಹೋಗಿ, ಲೋಟ ತೊಳೆದು ಕವುಚಿ ಇಟ್ಟಾಗಿರುತ್ತಿತ್ತು. "ಅಯ್ಯೋ ದೊಡ್ಡಮ್ಮ, ನಾನಿನ್ನೂ ಕುಡೀತಿದ್ದೆ" ಎಂದರೆ, "ತಣ್ಣಗಾಗಿತ್ತು ಬಿಡೇ, ಬೇರೆ ಮಾಡ್ಕೊಡ್ತೀನಿ" ಎನ್ನುತ್ತಿದ್ದಳು. ಮಾಡಿಯೂ ಕೊಡುತ್ತಿದ್ದಳು. ಆ ಲೋಟಕ್ಕೂ ಅದೇ ಗತಿಯಾಗುತ್ತಿತ್ತು.

ಅವಳದು ಬಸ್ ನಿಲ್ದಾಣದ ಹಿಂದಿನ ಲಾಡ್ಜೊಂದರಲ್ಲಿ ರೂಮುಗಳ ಉಸ್ತುವಾರಿ. ಬಂದವರು ಕೀಲಿ ಕೊಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ ಇವಳು ಕೆಲಸದ ಹೆಂಗಸರನ್ನು ಕರೆದುಕೊಂಡು ರೂಮಿನೊಳಗೆ ಹಾಜರ್. ಹಾಸಿಗೆಯ ಬಟ್ಟೆ ಎಳೆ, ಕಿಟಕಿ ತೆಗೆ, ಮಂಚದಡಿ ಗುಡಿಸು. ಒಂಟಿ ಕಾಲುಚೀಲ, ಹಲ್ಲು ಮುರಿದ ಬಾಚಣಿಗೆ, ಬೆರಳಗಲ ಉಳಿದ ಸೋಪು, ಕನ್ನಡಿಗೆ ಅಂಟಿಸಿ ಹೋದ ಹಣೆಬೊಟ್ಟು, ಎಲ್ಲವೂ ಬುಟ್ಟಿಗೆ. "ಹಿಂದೆ ಒಬ್ರಿದ್ರು ಅನ್ನೋದು ಮುಂದೆ ಬರೋರಿಗೆ ಗೊತ್ತಾಗ್ಬಾರ್ದು" ಎನ್ನುವುದು ಅವಳ ಕೆಲಸದ ಮೊದಲ ಪಾಠ. ಎರಡನೆಯದು, "ಕೆಟ್ಟುಹೋದ್ದು ಒಳಗಿರ್ಬಾರ್ದು." ಕುರ್ಚಿಯ ಕಾಲು ಅಲ್ಲಾಡಿದರೆ ಕುರ್ಚಿ ಹೊರಗೆ. ಬಕೆಟ್ಟಿನ ಹಿಡಿ ಕಿತ್ತರೆ ಬಕೆಟ್ಟು ಹೊರಗೆ. ಈ ಎರಡು ಪಾಠಗಳನ್ನೂ ಅವಳು ಸಂಜೆ ಮನೆಗೆ ಹೊತ್ತು ತರುತ್ತಿದ್ದಳು. ಮನೆಯಲ್ಲಿ ಇದ್ದದ್ದು ದೊಡ್ಡಪ್ಪ.

ದೊಡ್ಡಪ್ಪನ ಕಸುಬು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಟ್ಟದ್ದು ಒಳಗೆ ಬಂದರೇನೇ ಆ ಮನುಷ್ಯನಿಗೆ ಹೊಟ್ಟೆಗೆ ಅನ್ನ. ಬಂದದ್ದರಲ್ಲಿ ಅರ್ಧ ರಿಪೇರಿಯಾಗಿ ಹೊರಗೆ ಹೋಗುತ್ತಿತ್ತು, ಇನ್ನರ್ಧ "ಮುಂದೆ ಯಾವುದಕ್ಕಾದ್ರೂ ಆಗತ್ತೆ" ಎಂಬ ಮಾತಿನ ಮೇಲೆ ಅಲ್ಲೇ ಉಳಿಯುತ್ತಿತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವುದಕ್ಕೆ ಅವರ ಮನೆಯ ಮಿಕ್ಸಿಯೇ ಸಾಕ್ಷಿ. ಅದರ ಮುಚ್ಚಳ ಕೈಯಲ್ಲಿ ಒತ್ತಿ ಹಿಡಿಯದಿದ್ದರೆ ಅಡುಗೆಮನೆಯ ಗೋಡೆಗೆಲ್ಲ ಅಭಿಷೇಕ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಈ ಸಂಸಾರ ಅಷ್ಟು ವರ್ಷ ಹೇಗೆ ಸುಸೂತ್ರವಾಗಿ ಸಾಗಿತೋ! ಹೊಸ್ತಿಲು ದಾಟಿದ ಕೂಡಲೇ ಎಡಕ್ಕೆ ತಂತಿ ತುಂಬಿದ ಕಬ್ಬಿಣದ ಟ್ರಂಕು. ಅದರ ಮುಂದೆ ಒಂದು ಸತ್ತ ಫ್ರಿಜ್ಜು. ಬಿಳಿ ಬಣ್ಣ ಹಳದಿಗೆ ತಿರುಗಿದ್ದು, ಒಳಗೆ ಫ್ಯಾನಿನ ರೆಗ್ಯುಲೇಟರುಗಳು. ಆಮೇಲೆ ಹೊಲಿಗೆಯಂತ್ರದ ಬರೀ ಕಾಲು, ಮೇಲೆ ಯಂತ್ರವಿಲ್ಲ. ಅದರ ಪಕ್ಕ ಹಳೆಯ ಟೀವಿಯ ಮರದ ಪೆಟ್ಟಿಗೆ, ಅದಕ್ಕಂಟಿಕೊಂಡು ಅಡುಗೆಮನೆಯ ಬಾಗಿಲು. ಇವುಗಳ ನಡುವೆ ಉಳಿದದ್ದು ಒಬ್ಬರು ನಡೆಯುವಷ್ಟು ಓಣಿ.

"ರೀ, ಈ ಸತ್ತ ಫ್ರಿಜ್ಜಿಗೆ ಇನ್ನೆಷ್ಟು ವರ್ಷ ಕಾವಲು ಕೂರ್ತೀರಿ?"

"ಇರ್ಲಿ ಬಿಡೇ. ಅದೇನು ನಿನ್ನ ಹತ್ರ ಅನ್ನ ಕೇಳತ್ತಾ?"

"ಅನ್ನ ಕೇಳಿದ್ರೆ ಹಾಕ್ತಿದ್ದೆ. ಜಾಗ ಕೇಳ್ತಿದೆಯಲ್ಲ!"

ಇದನ್ನು ನಾವು ನಾಟಕ ನೋಡುವ ಹಾಗೆ ಕೂತು ನೋಡುತ್ತಿದ್ದೆವು. ಮನೆಯಲ್ಲಿ ಅವಳು ಗೆದ್ದದ್ದು ಅಡುಗೆಮನೆ, ಮಲಗುವ ಕೋಣೆ. ಮುಂದಿನ ಕೋಣೆಯಲ್ಲಿ ಅವಳ ಪೊರಕೆಗೆ ಪ್ರವೇಶವಿರಲಿಲ್ಲ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನಮ್ಮ ಹಾಗೆ ದೊಡ್ಡಪ್ಪನನ್ನು ನೋಡಿ ನಗುತ್ತೀರಿ. ಆ ಮನುಷ್ಯನಿಗೆ ಕಣ್ಣು ಹೋಗುತ್ತಿತ್ತು. ಎರಡೂ ಪಕ್ಕದಿಂದ ಕತ್ತಲೆ ಒತ್ತಿಕೊಂಡು ಬರುವ ಕಾಯಿಲೆ. ನೇರ ಎದುರಿಗೆ ಹಿಡಿದದ್ದು ಕಾಣುತ್ತದೆ, ಅದರ ಅಕ್ಕಪಕ್ಕದ್ದು ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಹಾಗಾಗಿ ಮೂಗಿನ ತುದಿಗೆ ಹಿಡಿದ ಸ್ಕ್ರೂ ತಿರುಗಿಸುವ ಕೆಲಸಕ್ಕೆ ಅಡ್ಡಿಯಿರಲಿಲ್ಲ. ನಡೆಯುವುದಕ್ಕೆ ಮಾತ್ರ ಆ ಸಾಮಾನುಗಳೇ ಗತಿಯಾಗಿದ್ದವು. ಕಾಲಿಗೆ ಟ್ರಂಕು ತಾಗಿತು ಅಂದರೆ ಕೈ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಹೊಲಿಗೆಯಂತ್ರದ ಕಾಲಿಗೆ, ಅಲ್ಲಿಂದ ಟೀವಿ ಪೆಟ್ಟಿಗೆಗೆ. ಸುಮ್ಮನೆ ಹಾಗೇ ಕೈಯಾಡಿಸಿಕೊಂಡು ಹೋಗುವವರ ಹಾಗೆ ಹೋಗುತ್ತಿದ್ದರು. ನಾವದನ್ನು ಸಾಮಾನಿನ ಮೇಲಿನ ಮೋಹ ಎಂದುಕೊಂಡೆವು. "ನೋಡು, ಹಸು ಸವರಿದ ಹಾಗೆ ಸವರ್ತಾರೆ" ಎಂದು ದೊಡ್ಡಮ್ಮ ಹಲ್ಲು ಕಡಿಯುತ್ತಿದ್ದಳು.

ಅವರ ಅಪ್ಪನಿಗೂ ಇದೇ ಕಾಯಿಲೆ ಇತ್ತಂತೆ. ಆ ಮುದುಕ ಕೊನೆಗಾಲವನ್ನೆಲ್ಲ ಮಂಚದ ಮೇಲೆ ಕಳೆದ. ಬಚ್ಚಲಿಗೆ ಹೋಗಬೇಕಾದರೂ ಯಾರಾದರೂ ಬಂದು ಕೈ ಹಿಡಿಯಲಿ ಎಂದು ಕಾಯುತ್ತ ಕೂರುತ್ತಿದ್ದನಂತೆ. ದೊಡ್ಡಪ್ಪ ಅದನ್ನು ಕಂಡವರು. ಅವರಿಗೆ ಬೇಕಿದ್ದದ್ದು ಒಂದೇ. ಹೊರಗೆ ಏನಾದರೂ ಆಗಲಿ, ತನ್ನ ಮನೆಯೊಳಗೆ ತನ್ನನ್ನು ಯಾರೂ ಕೈ ಹಿಡಿದು ನಡೆಸುವ ಹಾಗೆ ಆಗಬಾರದು.

ವಿಷಯ ಗೊತ್ತಿದ್ದದ್ದು ಪಕ್ಕದ ಇಸ್ತ್ರಿ ಅಂಗಡಿಯವನೊಬ್ಬನಿಗೆ. ಒಂದು ದಿನ ದೊಡ್ಡಪ್ಪ ಅವನ ಕೆಂಡದ ಬಕೆಟ್ಟಿನೊಳಗೆ ಕಾಲಿಡುವುದರಲ್ಲಿದ್ದಾಗ ಅವನೇ ಎಳೆದು ಹಿಡಿದಿದ್ದ. ಯಾರಿಗೂ ಹೇಳಬಾರದು ಎಂದು ಆಣೆ ಮಾಡಿಸಿಕೊಂಡಿದ್ದರು. ಆ ಪುಣ್ಯಾತ್ಮ ಊರಿನ ಗುಟ್ಟೆಲ್ಲ ಇಸ್ತ್ರಿ ಹೊಡೆಯುತ್ತ ಹರವಿ ಹಾಕುವವನು, ಇದೊಂದನ್ನು ಮಾತ್ರ ಮಡಿಸಿ ಇಟ್ಟುಕೊಂಡ. ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

ಈ ನಡುವೆ ದೊಡ್ಡಪ್ಪ ಒಂದೇ ಒಂದು ದೂರು ಹೇಳಲು ಶುರು ಮಾಡಿದ್ದರು. ಬೆಳಕು ಸಾಲದು. ಬಲ್ಬು ಬದಲಾಯಿಸಿದರು, ಇನ್ನೂ ದೊಡ್ಡದು ತಂದರು, ಆದರೂ ಸಾಲದು. ದೊಡ್ಡಮ್ಮ ಅದನ್ನು ಕಿವಿಗೆ ಹಾಕಿಕೊಂಡಳು. ಗಂಡನ ಮೇಲೆ ಎಷ್ಟು ರೇಗಿದರೂ ಅವರು ಬಾಯಿಬಿಟ್ಟು ಕೇಳಿದ್ದನ್ನು ಅವಳು ಮರೆತವಳಲ್ಲ. ಮುಂದಿನ ಕೋಣೆಗೆ ಒಂದು ಒಳ್ಳೆಯ ಕಿಟಕಿ ಇತ್ತು, ಅದರ ಮುಕ್ಕಾಲು ಭಾಗಕ್ಕೆ ಸಾಮಾನು ಅಡ್ಡ ನಿಂತಿತ್ತು. "ಸೂರ್ಯನ್ನೇ ಅಡ್ಡಗಟ್ಟಿ ಬಲ್ಬು ಬಲ್ಬು ಅಂತಾರಲ್ಲ, ಇವರಿಗೇನು ಹೇಳ್ಲಿ" ಎಂದು ನನ್ನ ಮುಂದೆ ಎಷ್ಟೋ ಸಲ ಅಂದಿದ್ದಳು. ಸಾಮಾನು ಹೋದರೆ ಬೆಳಕು ಬರುತ್ತದೆ, ಬೆಳಕು ಬಂದರೆ ಗಂಡನ ಕಷ್ಟ ಹೋಗುತ್ತದೆ. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನಮಗ್ಯಾರಿಗೂ ಆಗುತ್ತಿರಲಿಲ್ಲ.

ಅವಳಿಗೆ ವಾರದ ರಜೆ ಇದ್ದ ದಿನ ದೊಡ್ಡಪ್ಪ, "ಶಾಲೇಲಿ ಫ್ಯಾನುಗಳ ಕೆಲಸ ಇದೆ, ಬರೋದು ಸಂಜೆ ಆಗತ್ತೆ, ಏಣಿ ಹಿಡಿಯೋಕೆ ಇಸ್ತ್ರಿಯವನು ಬರ್ತಾನೆ" ಎಂದು ಹೇಳಿ ಹೊರಟರು. ಹೋದದ್ದು ಅವನ ಜೊತೆ ಕಣ್ಣಿನ ಆಸ್ಪತ್ರೆಗೆ. ಅವರು ಬೀದಿಯ ತಿರುವು ದಾಟಿದರೋ ಇಲ್ಲವೋ, ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಜರಿಯವನಿಗೆ ಹೇಳಿಕಳಿಸಿದಳು. ಇಬ್ಬರೂ ಒಂದೇ ದಿನ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೊಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದರು ನೋಡಿ. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಎನ್ನುತ್ತಾರಲ್ಲ, ಇಲ್ಲಿ ಬಗೆದದ್ದೂ ಅದನ್ನು ಕೆಡಿಸಿದ್ದೂ ಮನುಷ್ಯರೇ. ದೈವಕ್ಕೆ ಅದರಲ್ಲಿ ಕೆಲಸವೇ ಇರಲಿಲ್ಲ.

ಅವಳನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆ ದಿನ ಅವಳು ದೊಡ್ಡಪ್ಪನ ಒಂದು ಸ್ಕ್ರೂಡ್ರೈವರನ್ನೂ ಎಸೆಯಲಿಲ್ಲ. ಕೆಲಸಕ್ಕೆ ಬರುವುದನ್ನೆಲ್ಲ ಆರಿಸಿ, ಸ್ಕ್ರೂ ಒಂದು ಡಬ್ಬಿಗೆ, ವಾಷರು ಒಂದು ಡಬ್ಬಿಗೆ, ಬ್ರಷ್ಷು ಒಂದಕ್ಕೆ ಎಂದು ವಿಂಗಡಿಸಿ ಸಾಲಾಗಿ ಜೋಡಿಸಿದಳು. ಹೋದದ್ದು ಕೆಟ್ಟದ್ದು ಮಾತ್ರ. ಟ್ರಂಕು, ಫ್ರಿಜ್ಜು, ಯಂತ್ರದ ಕಾಲು, ಟೀವಿ ಪೆಟ್ಟಿಗೆ. ಗಾಡಿ ತುಂಬಿ ಹೋಯಿತು, ಖಾಲಿಯಾಗಿ ಮತ್ತೆ ಬಂತು. ಕೆಲಸದ ಮೇಜನ್ನು ಎಳೆದು ಕಿಟಕಿಯ ಬೆಳಕಿಗೆ ಹಾಕಿದಳು. ತನ್ನ ಕೈಯಿಂದ ದುಡ್ಡು ಕೊಟ್ಟು ಹೊಸ ಟ್ಯೂಬ್‌ಲೈಟ್ ತರಿಸಿ ಹಾಕಿಸಿದಳು. ಆಮೇಲೆ ನೆಲ. ಫ್ರಿಜ್ಜಿನ ಕಾಲು ಊರಿದ್ದ ಕಡೆ, ಟ್ರಂಕಿನ ಅಡಿಯಲ್ಲಿ, ವರ್ಷಗಟ್ಟಲೆಯ ತುಕ್ಕು ನೆಲಕ್ಕಿಳಿದು ಕಲೆಯಾಗಿತ್ತು. ಮಂಡಿಯೂರಿ ಕೂತು, ಲಾಡ್ಜಿನಲ್ಲಿ ಬಳಸುವ ಪುಡಿ ಹಾಕಿ, ಕಲ್ಲಿನಿಂದ ಉಜ್ಜಿ ಉಜ್ಜಿ ಆ ಕಲೆಗಳನ್ನು ತೆಗೆದಳು. ಅಲ್ಲಿ ಏನಾದರೂ ಇತ್ತು ಎಂದು ಮುಂದೆ ಬರುವವರಿಗೆ ಗೊತ್ತಾಗದ ಹಾಗೆ.

ನನಗೆ ಫೋನು ಬಂತು. "ಸಂಜೆ ಬಾರೇ. ನಿನ್ನ ದೊಡ್ಡಪ್ಪನ ಮುಖ ನೋಡೋಕೆ ನಂಗೊಂದು ಸಾಕ್ಷಿ ಬೇಕು."

ಹೋದೆ. ಕೋಣೆ ನೋಡಿ ದಂಗಾದೆ. ಇಷ್ಟು ವರ್ಷ ಅಷ್ಟು ದೊಡ್ಡ ಕೋಣೆ ಎಲ್ಲಿ ಅಡಗಿತ್ತು ಎನ್ನಿಸಿತು. ದೊಡ್ಡಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು, ಮೇಜಿನ ಪಕ್ಕ ನಿಂತಿದ್ದಳು. ಗಂಡ ಮೊದಲು ಕೂಗಾಡುತ್ತಾರೆ, ಆಮೇಲೆ ಕಿಟಕಿಯ ಹತ್ತಿರ ಕೂತು ನೋಡಿ ಸುಮ್ಮನಾಗುತ್ತಾರೆ ಎಂದು ಅವಳ ಎಣಿಕೆ. "ಹೊಗಳೋದು ಬೇಡ, ಬೈಯದಿದ್ರೆ ಸಾಕು" ಎಂದಳು. ಮುಖದಲ್ಲಿ ಮಾತ್ರ ಹೊಗಳಿಕೆಯ ಆಸೆ ಎದ್ದು ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಏನಾಯಿತು ಎನ್ನುವುದನ್ನು ಇಸ್ತ್ರಿಯವನು ಆಮೇಲೆ ಹೇಳಿದ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಔಷಧಿ ಬಿಟ್ಟುಕೊಂಡು ಕಾಪಾಡಿಕೊಳ್ಳಬಹುದು ಎಂದರಂತೆ ಡಾಕ್ಟರು. ಮನೆಯವರಿಗೆ ಮುಚ್ಚಿಡಬೇಡಿ ಎಂದೂ ಗದರಿದರಂತೆ. ಬಸ್ಸಿನಲ್ಲಿ ಬರುವಾಗ ದೊಡ್ಡಪ್ಪ ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಿದ್ದರಂತೆ.

"ಇವತ್ತು ಹೇಳ್ಬಿಡ್ತೀನಿ ಕಣಯ್ಯ. ಮೊದ್ಲು ಅವಳನ್ನ ಕೂರಿಸ್ತೀನಿ. ಆಮೇಲೆ ಅವಳೆದುರಿಗೇ ಕಣ್ಣು ಮುಚ್ಕೊಂಡು ಬಾಗಿಲಿಂದ ಅಡುಗೆಮನೆವರೆಗೂ ನಡೆದು ತೋರಿಸ್ತೀನಿ. ನೋಡು, ನಂಗೇನೂ ತೊಂದ್ರೆ ಇಲ್ಲ, ನಿನ್ನ ಮೇಲೆ ಭಾರ ಬೀಳಲ್ಲ ಅಂತೀನಿ. ಹೆದರಲ್ಲ ಆಗ."

ಬಾಗಿಲಲ್ಲಿ ಅವರ ಚಪ್ಪಲಿ ಸದ್ದಾಯಿತು. ದೊಡ್ಡಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ದೊಡ್ಡಪ್ಪ ಹೊಸ್ತಿಲು ದಾಟಿದರು. ಎಡಗಾಲು ತಾನಾಗಿಯೇ ಸ್ವಲ್ಪ ಪಕ್ಕಕ್ಕೆ ಚಾಚಿತು, ಟ್ರಂಕಿಗೆ. ಟ್ರಂಕು ಸಿಗಲಿಲ್ಲ. ಕೈ ಫ್ರಿಜ್ಜಿನ ಎತ್ತರಕ್ಕೆ ಎದ್ದಿತು. ಅಲ್ಲಿ ಗಾಳಿ ಬಿಟ್ಟು ಬೇರೇನೂ ಇರಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಹೊಸ ಟ್ಯೂಬ್‌ಲೈಟಿನ ಬೆಳಕು ತೊಳೆದ ನೆಲದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

"ನಾನು ಯಾರ ಮನೆಗೆ ಬಂದೆ?" ಎಂದರು.

ನಾವಿಬ್ಬರೂ ಗೊಳ್ಳೆಂದು ನಕ್ಕೆವು. ಎಂದಿನ ಕುಚೋದ್ಯ ಎಂದುಕೊಂಡೆವು.

"ನಿಮ್ಮನೆಗೇ ಬಂದ್ರಿ. ಬಾಗಿಲಲ್ಲೇ ಯಾಕೆ ನಿಂತ್ರಿ, ಬನ್ನಿ ಒಳಗೆ!"

"ಫ್ರಿಜ್ಜೆಲ್ಲಿ?"

"ಹೋಯ್ತು! ಪೀಡೆ ತೊಲಗ್ತು! ಬನ್ನಿ, ಇಲ್ಲಿ ಬಂದು ಬೆಳಕು ನೋಡಿ."

ಹೆಂಡತಿಯ ದನಿಯ ಕಡೆಗೆ ಹೆಜ್ಜೆ ಇಟ್ಟರು. ಮೊದಲು ಮೆಲ್ಲಗೆ, ಆಮೇಲೆ ನಮ್ಮೆದುರು ಹಾಗೆ ಮೆಲ್ಲಗೆ ನಡೆಯುವುದು ನಾಚಿಕೆ ಎನ್ನಿಸಿತೋ ಏನೋ, ಜೋರಾಗಿ. ಮೇಜಿನ ಮೂಲೆ ಸೊಂಟಕ್ಕೆ ಬಡಿಯಿತು. ಮೇಜು ಅಲುಗಿ, ಸಾಲಾಗಿ ಜೋಡಿಸಿದ್ದ ಡಬ್ಬಿಗಳೆಲ್ಲ ಉರುಳಿ, ಸ್ಕ್ರೂ ವಾಷರುಗಳು ನೆಲದ ತುಂಬ ಚೆಲ್ಲಾಪಿಲ್ಲಿಯಾದವು.

"ಅಯ್ಯೋ! ಇಷ್ಟು ದೊಡ್ಡ ಮೇಜು ಕಾಣಲ್ವಾ ನಿಮಗೆ?"

ದೊಡ್ಡಪ್ಪ ಬಗ್ಗಿ ಎರಡೂ ಕೈಯಿಂದ ನೆಲ ತಡಕುತ್ತಿದ್ದರು. ಸ್ಕ್ರೂಗಳು ಇದ್ದದ್ದು ಅವರ ಕೈಯ ಪಕ್ಕದಲ್ಲಿ. ತಡಕುತ್ತಿದ್ದದ್ದು ಬರೀ ನೆಲವನ್ನು.

"ಕಾಣಲ್ಲ ಕಣೇ" ಎಂದರು.

ದೊಡ್ಡಮ್ಮನ ಮುಖದ ನಗು ಹೋಗಲು ತುಸು ಹೊತ್ತು ಹಿಡಿಯಿತು. ಆ ನಗು ಅಲ್ಲೇ ಇತ್ತು, ಅದರ ಹಿಂದೆ ಜೀವ ಇರಲಿಲ್ಲ. ಅವಳು ಗಂಡನ ಕೈ ನೋಡಿದಳು, ನೆಲ ನೋಡಿದಳು, ಫ್ರಿಜ್ಜಿದ್ದ ಜಾಗ ನೋಡಿದಳು. ನನಗೂ ಆಗಲೇ ಅರ್ಥವಾದದ್ದು.

ದೊಡ್ಡಪ್ಪ ಎದ್ದು ನಿಂತರು. ಖಾಲಿ ಕೋಣೆಯ ನಟ್ಟನಡುವೆ, ಯಾವ ಕಡೆಗೂ ಹೆಜ್ಜೆ ಇಡದೆ. ಆಮೇಲೆ ಕೈ ಚಾಚಿದರು.

"ಕೈ ಕೊಡು. ಮಂಚದ ಹತ್ರ ಕರ್ಕೊಂಡು ಹೋಗು."

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಕಾಲಿಗೆ ಚಪ್ಪಲಿಯೂ ಇಲ್ಲದೆ ಗುಜರಿಯವನ ಹತ್ತಿರ ಓಡಿದಳು. ನಾನೂ ಹಿಂದೆ ಹೋದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುವ ಮಾತನ್ನು ಲಾಡ್ಜಿನಲ್ಲಿ ಸಾಮಾನು ಮರೆತು ಹೋದವರಿಗೆಲ್ಲ ಹೇಳುತ್ತಿದ್ದವಳು ಅವಳೇ. ಗುಜರಿಯವನು ಫ್ರಿಜ್ಜನ್ನು ಹಿಂದಿನ ಸಂಜೆಯೇ ಬಿಚ್ಚಿದ್ದ. ತಾಮ್ರದ ಕೊಳವೆ ಒಂದು ಕಡೆ, ತಗಡು ಸುತ್ತಿಗೆ ಏಟಿಗೆ ಚಪ್ಪಟೆಯಾಗಿ ಇನ್ನೊಂದು ಕಡೆ. ಯಂತ್ರದ ಕಾಲು ಯಾರದೋ ಮನೆಯ ಅಲಂಕಾರಕ್ಕೆ ಹೋಗಿಯಾಗಿತ್ತು. ಟೀವಿ ಪೆಟ್ಟಿಗೆ ಒಲೆ ಸೇರಿತ್ತು. ಉಳಿದದ್ದು ಟ್ರಂಕು ಮಾತ್ರ.

"ಬೇರೆ ಫ್ರಿಜ್ಜಿದೆ, ಬೇಕಾದ್ರೆ ತಗೊಂಡು ಹೋಗಮ್ಮ. ಕೆಟ್ಟಿರೋದೇ" ಎಂದ ಅವನು. ಕೆಟ್ಟ ಫ್ರಿಜ್ಜು ಕೇಳಿಕೊಂಡು ಬಂದ ಮೊದಲ ಹೆಂಗಸು ಇವಳೇ ಇರಬೇಕು, ವಿಚಿತ್ರವಾಗಿ ನೋಡಿದ.

ಅದನ್ನೂ ಟ್ರಂಕನ್ನೂ ತಂದಳು. ತಂದು ಇಡುವುದಾದರೂ ಎಲ್ಲಿ? ಮೊದಲು ಎಲ್ಲಿತ್ತೋ ಅಲ್ಲೇ ಇಡಬೇಕು, ಅಂಗುಲ ಆಚೀಚೆ ಆದರೂ ಕೈಗೆ ಸಿಗುವುದಿಲ್ಲ. ದೊಡ್ಡಮ್ಮ ಮಂಡಿಯೂರಿ ಕೂತು ನೆಲದಲ್ಲಿ ತುಕ್ಕಿನ ಕಲೆ ಹುಡುಕಿದಳು. ನೆಲ ಫಳಫಳ ಹೊಳೆಯುತ್ತಿತ್ತು. ಒಂದು ಚುಕ್ಕೆಯನ್ನೂ ಉಳಿಸಿರಲಿಲ್ಲ. ಕೊನೆಗೆ ಎದ್ದು, ಹೊಸ್ತಿಲ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಗಂಡನ ಹಾಗೆ ಕೈ ಮುಂದೆ ಚಾಚಿಕೊಂಡು ನಡೆದು ನೋಡಿದಳು. ಫ್ರಿಜ್ಜನ್ನು ಒಂದಿಷ್ಟು ಸರಿಸಿ ಮತ್ತೆ ನಡೆದಳು. ಮತ್ತೆ ಸರಿಸಿದಳು. ಅವಳ ಕೈ ದೊಡ್ಡಪ್ಪನ ಕೈಯಷ್ಟು ಉದ್ದವಿರಲಿಲ್ಲ. ನನಗೆ ನೋಡಲಾಗದೆ ಅಡುಗೆಮನೆಗೆ ಹೋಗಿ ನಿಂತೆ.

ದೊಡ್ಡಪ್ಪನನ್ನು ಕರೆದಳು. ಅವರು ಬಂದು ಫ್ರಿಜ್ಜಿನ ಮೇಲೆ ಕೈಯಾಡಿಸಿದರು. ಹಿಡಿ ಇದ್ದದ್ದು ಬಲಗಡೆ. ಹಳೆಯದಕ್ಕೆ ಎಡಗಡೆ ಇತ್ತು.

"ಇದು ಯಾರದ್ದೇ?"

"ನಮ್ಮದೇ ರೀ. ವಾಪಸ್ ತಂದೆ."

"ಹೌದಾ. ಹಾಗಿದ್ರೆ ನಮ್ಮದೇ ಇರ್ಬೇಕು" ಎಂದು ಅವಳ ಸಮಾಧಾನಕ್ಕೆ ಅಂದರು. ಅಲ್ಲಿಂದ ಮುಂದಕ್ಕೆ ಕೈ ಚಾಚಿದರು, ಏನೂ ಸಿಗಲಿಲ್ಲ. ಅಲ್ಲೇ ನಿಂತರು. ಆಮೇಲೆ ಅವರು ಆ ಕೋಣೆಯಲ್ಲಿ ಒಬ್ಬರೇ ನಡೆದದ್ದನ್ನು ನಾನು ನೋಡಿಲ್ಲ. ಕಲಿಯಬಹುದಿತ್ತು, ಹೊಸ ದಾರಿ. ನಾವೆಲ್ಲ ಹೇಳಿದೆವು. "ಕಲಿಯೋಣ, ನಿಧಾನ" ಎಂದರು. ಕಲಿಯುವ ಮನಸ್ಸು ಆ ಸಾಮಾನಿನ ಜೊತೆಗೇ ಗಾಡಿ ಹತ್ತಿ ಹೋಗಿತ್ತು ಎಂದು ಕಾಣುತ್ತದೆ. ಅಂಗಡಿ ನಿಂತಿತು. ಈಗ ಒಳಕೋಣೆಯ ಮಂಚದ ಮೇಲೆ ರೇಡಿಯೋ ಹಾಕಿಕೊಂಡು ಕೂತಿರುತ್ತಾರೆ, ಅವರ ಅಪ್ಪ ಕೂತಿದ್ದ ಹಾಗೇ. ದೊಡ್ಡಮ್ಮ ಮಧ್ಯಾಹ್ನ ಲಾಡ್ಜಿನಿಂದ ಓಡೋಡಿ ಬಂದು ಅವರ ಕೈ ಹಿಡಿದು ಊಟಕ್ಕೆ ಎಬ್ಬಿಸುತ್ತಾಳೆ.

ಒಂದು ದಿನ ನನ್ನೆದುರಿಗೇ ಕೇಳಿದಳು. ಅಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದಳೋ ಏನೋ, ಅನ್ನ ಕಲಸಿ ಕೊಡುತ್ತಿದ್ದವಳು ಥಟ್ಟನೆ ಕೇಳಿಬಿಟ್ಟಳು.

"ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ ನೀವು? ಆ ಇಸ್ತ್ರಿಯವನಿಗೆ ಹೇಳಿದ್ರಿ. ಕಟ್ಕೊಂಡೋಳಿಗೆ ಹೇಳೋಕಾಗ್ಲಿಲ್ವಾ?"

ದೊಡ್ಡಪ್ಪ ನಕ್ಕರು. ಕೋಪವೇನೂ ಇರಲಿಲ್ಲ ಆ ನಗುವಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

"ಭಯ ಕಣೇ" ಎಂದರು. "ಕೆಟ್ಟುಹೋದ್ದನ್ನ ನೀನು ಯಾವತ್ತು ಮನೇಲಿ ಇಟ್ಕೊಂಡಿದೀಯ?"

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಹಾಗಂತೀರಾ ನನ್ನ" ಎಂದಳು, ಅಷ್ಟೇ. ಊಟ ಮುಗಿಸಿ, ಪಾತ್ರೆ ತೊಳೆದು, ಅವರನ್ನು ಮಲಗಿಸಿ, ಲಾಡ್ಜಿಗೆ ವಾಪಸಾದಳು. ಬೀದಿಯ ತಿರುವಿನವರೆಗೆ ನಾನು ಜೊತೆಗಿದ್ದೆ. ಉದ್ದಕ್ಕೂ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹುಡುಗಾಟಕ್ಕೆ ಅಂದ ಮಾತು ಬಿಡು ಎಂದೆ. ಹುಡುಗಾಟದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೋದ ವಾರ ಹೋಗಿದ್ದೆ. ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ಎಷ್ಟು ಹೊತ್ತು ಮಾತಾಡಿದರೂ ಅದು ಅಲ್ಲೇ ಇತ್ತು, ತಣ್ಣಗಾಗಿ ಕೆನೆ ಕಟ್ಟಿತ್ತು. ಮುಂದಿನ ಕೋಣೆಯಲ್ಲಿ ಟ್ರಂಕು, ಆ ಯಾರದೋ ಮನೆಯ ಫ್ರಿಜ್ಜು, ಅದರ ಪಕ್ಕ ಲಾಡ್ಜಿನಿಂದ ಹೊರಹಾಕಿದ ಮೂರುಕಾಲಿನ ಕುರ್ಚಿ, ಹಿಡಿ ಕಿತ್ತ ಬಕೆಟ್ಟು, ಓಡದ ಗೋಡೆ ಗಡಿಯಾರ. ಒಂದೊಂದಾಗಿ ಹೊತ್ತು ತರುತ್ತಾಳೆ. ಅಡುಗೆಮನೆಯಲ್ಲಿ ಮಿಕ್ಸಿಯ ಜಾರು ಸೀಳು ಬಿಟ್ಟು ಸೋರುತ್ತಿತ್ತು.

"ಇದನ್ನ ಎಸೀಲಾ ದೊಡ್ಡಮ್ಮ?" ಎಂದೆ.

"ಬೇಡ, ಇಡು ಅಲ್ಲೇ" ಎಂದಳು. ಆಮೇಲೆ ಒಳಕೋಣೆಯ ಕಡೆ ಮುಖ ತಿರುಗಿಸಿ, ಅಲ್ಲಿಗೆ ಕೇಳಿಸುವ ಹಾಗೆ ದನಿ ಎತ್ತಿ ಹೇಳಿದಳು, "ಕೆಟ್ಟಿದ್ರೇನಂತೆ? ನಮ್ಮದು ತಾನೆ? ಮನೇಲಿರ್ಲಿ!"

ಇಬ್ಬರೂ ಅವರ ಉತ್ತರಕ್ಕೆ ಕಾದೆವು. ಒಳಗೆ ರೇಡಿಯೋ ಹಾಡುತ್ತಲೇ ಇತ್ತು.